ಒಂದು ಮೊಳ ಮಣ್ಣು

“ಮಣ್ಣಿಗೂ ಒಂದು ಕ್ರಮಂ ಉಂಟು ವನಿತಾ,” ಎಂದರು ಪಾಸ್ಟರ್ ಕುರಿಯಾಕೋಸ್. “ಯಾರನ್ನು ಒಳಗೆ ಮಲಗಿಸಬಹುದು, ಯಾರನ್ನು ಕೂಡದು ಎಂದು. ಅದು ನಾನು ಮಾಡಿದ ಕ್ರಮಂ ಅಲ್ಲ.”

ಅವರ ಎಡಗೈಯ ಮಡಿಕೆಯಲ್ಲಿ ಹತ್ತಿಯ ಉಂಡೆ ಇನ್ನೂ ಅಂಟಿಕೊಂಡಿತ್ತು. ಮಧ್ಯಾಹ್ನ ಚಾಮರಾಜನಗರದ ಆಸ್ಪತ್ರೆಯಲ್ಲಿ ವನಿತಾಳ ಅತ್ತಿಗೆ ಶಶಿರೇಖಾಳಿಗಾಗಿ ರಕ್ತ ಕೊಟ್ಟು, ಅಲ್ಲಿಯವರು ಕೈಗಿಟ್ಟ ಬಿಸ್ಕತ್ತಿನ ಪೊಟ್ಟಣವನ್ನು ಪಕ್ಕದ ಮಂಚದ ಮಗುವಿಗೆ ದಾಟಿಸಿ, ಬೈಕು ಹತ್ತಿ ಗುಂಡ್ಲುಪೇಟೆಗೆ ಮರಳಿದ್ದರು. ವನಿತಾ ಅವರ ಬೆನ್ನಿಗೇ ಬಸ್ಸು ಹಿಡಿದು ಬಂದಳು. ಈಗ ಪ್ರಾರ್ಥನಾ ಮಂದಿರಕ್ಕೆ ಅಂಟಿಕೊಂಡ ಅವರ ಮನೆಯ ಜಗುಲಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಮದುವೆಮನೆಯ ತಾಂಬೂಲದ ಚೀಲ. ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಯಾರೋ ವಧೂವರರ ಹೆಸರು. ಚೀಲದೊಳಗೆ ಹಳೇ ಸೀರೆಯ ತುಂಡು. ಸೀರೆಯ ತುಂಡಿನೊಳಗೆ ಶಶಿರೇಖಾಳ ಹೊಟ್ಟೆಯಲ್ಲಿ ಐದೇ ತಿಂಗಳು ಇದ್ದ ಕೂಸು.

“ಆಸ್ಪತ್ರೇಲಿ ರಕ್ತ ಕೊಟ್ರಿ ಅಯ್ಯನೋರೇ. ಅದ್ಕಿಂತ ಹೆಚ್ಚಿಂದೇನೂ ನಾ ಕೇಳ್ತಾ ಇಲ್ಲ. ಮಣ್ಣು. ನಮ್ಮಪ್ಪನ ಪಕ್ಕದಲ್ಲಿ ಒಂದ್ ಮೊಳ.”

“ರಕ್ತಂ ಜೀವಂ ಇದ್ದವಳಿಗೆ ಕೊಟ್ಟದ್ದು.”

“ಇದುಕ್ಕೂ ಇತ್ತಲ್ಲ. ನೀವೇ ಹೇಳ್ತಿದ್ರಿ.”

ಪಾಸ್ಟರು ಕಣ್ಣು ಮುಚ್ಚಿದರು. ಸುಲ್ತಾನ್ ಬತ್ತೇರಿ ಕಡೆಯ ಮನುಷ್ಯ. ಗುಂಡ್ಲುಪೇಟೆಯ ನೀರು ಎಷ್ಟು ಕುಡಿದರೂ ನಾಲಿಗೆಯ ತುದಿಯಿಂದ ಆ ‘ಅಂ’ ಇಳಿದಿರಲಿಲ್ಲ. ಜೀವ ಅವರ ಬಾಯಲ್ಲಿ ಜೀವಂ, ಪಾಪ ಪಾಪಂ, ಉಪ್ಪಿಟ್ಟು ಮಾತ್ರ ಹೇಗೋ ಉಪ್ಪಿಟ್ಟಾಗಿಯೇ ಉಳಿದಿತ್ತು. ‘ಹೆಸರಲ್ಲೇ ಕುರಿ ಕಟ್ಟಿಕೊಂಡ ಕುರಿಗಾಹಿ’ ಎಂದು ಸಭೆಯ ಹುಡುಗಿಯರು ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗುವುದಿತ್ತು. ಹಾಗೆಂದು ಮೊದಲು ಅಂದವಳು ವನಿತಾಳೇ. ಅವರು ಭಾನುವಾರ ಬೋಧಿಸುವ ಪ್ರಸಂಗವನ್ನು ಅವರದೇ ದನಿಯಲ್ಲಿ, ಕೆಮ್ಮಿನ ಸಮೇತ ಒಪ್ಪಿಸುವವಳೂ ಅವಳೇ.

ಒಪ್ಪಿಸುವುದು ಅವಳ ಹೊಟ್ಟೆಪಾಡೂ ಆಗಿತ್ತು. ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎ. ಮಾಡುವಾಗ ಪ್ರಿನ್ಸಿಪಾಲರ ಗಂಟಲಲ್ಲಿ “ನಾಳೆ ರಜೆ” ಎಂದು ಮೈಕಿನಲ್ಲಿ ಹೇಳಿ ಒಂದು ದಿನದ ರಜೆಯನ್ನೂ ಒಂದು ವಾರದ ಅಮಾನತನ್ನೂ ಸಂಪಾದಿಸಿದ್ದಳು. ಈಗ ಗುಂಡ್ಲುಪೇಟೆಯ ಒಂದು ಸ್ಟುಡಿಯೋದಲ್ಲಿ ಪ್ರಚಾರದ ಆಟೋಗಳಿಗೆ ದನಿ ಕೊಡುತ್ತಾಳೆ. ಅತ್ತೆ, ಸೊಸೆ, ಮಾವ, ಮದ್ರಾಸಿನ ಸೇಟು, ಎಲ್ಲವೂ ಅವಳೇ. “ಸೀರೆ ಸರಿಯಿದ್ದರೆ ಸರೀಕರೆದುರು ಸೈ!” ಎಂದು ಬೀದಿ ಬೀದಿಯಲ್ಲಿ ಕೂಗುವ ಗಂಡಸಿನ ಕಂಚಿನ ಕಂಠ ಈ ಕಡ್ಡಿಯಂಥ ಹುಡುಗಿಯದೆಂದು ಊರಿನಲ್ಲಿ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ.

ಇವತ್ತು ಮಾತ್ರ ಬೆಳಗಿನಿಂದ ಅವಳ ಬಾಯಲ್ಲಿ ಯಾರ ದನಿಯೂ ಬಂದಿರಲಿಲ್ಲ.

ಅಣ್ಣ ನಾಗೇಂದ್ರ ಬಾಳೆಗೊನೆ ತುಂಬುವ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಯುಗಾದಿಯಿಂದ ಚಾಪೆಯ ಮೇಲಿದ್ದಾನೆ. ಶಶಿರೇಖಾ ಚೆಂಡುಹೂವಿನ ಹೊಲ, ಅರಿಸಿನದ ಕಣ ಎಂದು ಮೇಸ್ತ್ರಿಯ ಟೆಂಪೋ ಹತ್ತಿ ಹೋಗಿ ಬಂದು ಮಾಡಿದರೆ ಅವ್ವ ಬಸವಮ್ಮನಿಗೂ ಎರಡು ಮಕ್ಕಳಿಗೂ ಗಂಜಿ. ಬಸುರಿ ಎಂದು ಗೊತ್ತಾದ ಹೆಂಗಸನ್ನು ಮೇಸ್ತ್ರಿ ಟೆಂಪೋ ಹತ್ತಿಸುವುದಿಲ್ಲ. ಅದಕ್ಕೇ ಶಶಿರೇಖಾ ಹೊಟ್ಟೆಯನ್ನು ಸೆರಗಿನಲ್ಲಿ ಬಿಗಿದು ಬಿಗಿದು ತಿಂಗಳು ನೂಕಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಕಾನೂನು ಪ್ರಕಾರವೇ ತೆಗೆಸಬಹುದಿತ್ತು, ಬಿ.ಎ. ಓದಿದ ವನಿತಾ ಅದನ್ನು ಹೇಳಿಯೂ ಇದ್ದಳು. ಆದರೆ ಅಲ್ಲಿಗೆ ಕರೆದೊಯ್ಯುವ ಆಶಾ ಕಾರ್ಯಕರ್ತೆ ಮಲ್ಲಿಗಮ್ಮ ಇವರ ಸಭೆಯಲ್ಲೇ ಹಾಡು ಎತ್ತಿಕೊಡುವವಳು. “ಮಲ್ಲಿಗಮ್ಮಕ್ಕಂಗೆ ಗೊತ್ತಾದ್ರೆ ಭಾನ್ವಾರದೊತ್ಗೆ ಪಾಸ್ಟ್ರಿಗೆ ಗೊತ್ತಾತದ ಕಣಮ್ಮಿ. ಪಾಸ್ಟ್ರು ನನ್ನ ನೋಡ್ಕಂಡೇ ಪ್ರಸಂಗ ಮಾಡ್ತರೆ. ನಾ ಅಲ್ಲಿ ಕೂತ್ಕಳದೆಂಗೆ?” ಎಂದಿದ್ದಳು ಶಶಿರೇಖಾ.

ಹಾಗಾಗಿ ಇಬ್ಬರೂ ಬೆಳಿಗ್ಗೆ ಶಿವರಾಮು ಡಾಕ್ಟರ ಸಂದಿಯ ಕ್ಲಿನಿಕ್ಕಿಗೆ ಹೋದರು. ಅವನ ಬೋರ್ಡಿನಲ್ಲಿ ಹೆಸರಿತ್ತು, ಹೆಸರಿನ ಮುಂದೆ ‘ಡಾ.’ ಇತ್ತು, ಹೆಸರಿನ ಹಿಂದೆ ಏನೂ ಇರಲಿಲ್ಲ. ಪರದೆಯ ಆಚೆ ಶಶಿರೇಖಾ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಳು. ಈಚೆ ವನಿತಾ ಗೋಡೆಯ ಕ್ಯಾಲೆಂಡರಿನ ಮಗುವನ್ನು ನೋಡುತ್ತ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಅಲ್ಲಿ ಕೆಲಸ ಮಾಡುವ ಹೆಂಗಸು ಸೀರೆಯ ಗಂಟನ್ನು ತಂದು ಕೈಗಿಟ್ಟಳು. “ಓಗ್ತಾ ಕೆರೆ ಕಡೆ ಬುಟ್ಬುಡಿ. ಎಲ್ರೂ ಅಂಗೇ ಮಾಡದು.” ಹೊರಗೆ ಬಂದು ಆಟೋ ಹತ್ತುವಾಗ ಶಶಿರೇಖಾಳ ಕಾಲಡಿಯ ನೆಲ ಕೆಂಪಾಗಿತ್ತು. ಆಟೋದವನೇ ಹೆದರಿ ಚಾಮರಾಜನಗರದ ದಾರಿ ಹಿಡಿದ. ಆಸ್ಪತ್ರೆಯ ಗಾಲಿಮಂಚದ ಮೇಲೆ ಒಳಗೆ ಹೋಗುವ ಮೊದಲು ಅವಳು ನಾದಿನಿಯ ದುಪಟ್ಟ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು:

“ಕೆರೆಗೆ ಬುಡ್ಬ್ಯಾಡ ಕಣಮ್ಮಿ. ಮಾವನ ತಾವು ಮಡಗು.”

ವನಿತಾ ಹೂಂ ಎಂದಿದ್ದಳು. ಅವ್ವ ಬಸವಮ್ಮ ಸುದ್ದಿ ತಿಳಿದೊಡನೆ ಮೊದಲು ಫೋನು ಮಾಡಿದ್ದು ಪಾಸ್ಟರಿಗೆ. ಅವರು ಒಂದು ಪ್ರಶ್ನೆ ಕೇಳದೆ ಬಂದು ತೋಳು ಚಾಚಿದರು. ಅತ್ತಿಗೆ ಉಳಿದಳು. ಹೂಂ ಎಂದದ್ದು ಮಾತ್ರ ಇನ್ನೂ ಚೀಲದೊಳಗೇ ಇತ್ತು.

ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಹೆಂಗಸರ ಫ್ರೀ ಟಿಕೆಟ್ಟು ಹರಿಯುತ್ತ ಕೇಳಿದ್ದ: “ಎಷ್ಟ್ ಜನವ್ವ?”

ವನಿತಾ ತೊಡೆಯ ಮೇಲಿನ ಚೀಲ ನೋಡಿದಳು. ಅವನು ಮತ್ತೆ ಕೇಳಿದ. “ಒಬ್ಳೇ,” ಎಂದಳು. ಅಂದ ಮೇಲೆ ತೆರಕಣಾಂಬಿ ಬರುವವರೆಗೂ ಆ ಒಂದು ಟಿಕೆಟ್ಟನ್ನು ಮಡಿಸಿ ಬಿಚ್ಚುತ್ತ ಕೂತಿದ್ದಳು.

“ನೋಡು,” ಎಂದರು ಪಾಸ್ಟರು, ಕಣ್ಣು ಬಿಟ್ಟು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವನಿತಾಳಿಗೆ ಸಲೀಸಾಗುತ್ತಿತ್ತು. “ಸಭೆಯಲ್ಲಿ ಇಪ್ಪತ್ತು ಹೆಂಗಸರು ಉಂಟು, ಎಲ್ಲರದ್ದೂ ಕಷ್ಟವೇ. ನಾನು ಇದನ್ನು ಪ್ರಾರ್ಥನೆ ಹೇಳಿ ಹೂಳಿದರೆ ನಾಳೆ ಅವರು ಏನು ತಿಳಿಯಬೇಕು? ತೆಗೆಸಿದರೆ ತೆಗೆಸು, ಪಾಸ್ಟರು ಮಣ್ಣು ಹಾಕುತ್ತಾರೆ ಎಂದೋ? ಇನ್ನೊಂದು. ನಮ್ಮ ಮೇಲೆ ಕಣ್ಣಿಟ್ಟವರುಂಟು. ಯಾರೋ ಒಬ್ಬ ಅರ್ಜಿ ಹಾಕಿ, ಪೊಲೀಸ್ ಬಂದು ಆ ನೆಲಂ ಅಗೆದರೆ? ನಿನ್ನ ಅಪ್ಪನನ್ನೂ ಸೇರಿಸಿ ಅಗೆಯುವರು.”

“ಅಂಗಾರೆ ಇದ್ನ ಎಲ್ಲಿ ಮಡಗ್ಲಿ? ನೀವೇ ಹೇಳಿ.”

“ನಿಮ್ಮ ಮನೆಯ ಹಿಂದೆ...”

ವನಿತಾ ನಕ್ಕುಬಿಟ್ಟಳು. ಮನೆಯ ಹಿಂದೆ ಪಕ್ಕದವರ ಗೋಡೆ. ಮನೆಯ ಮುಂದೆ ಚರಂಡಿ, ಅದಕ್ಕಂಟಿ ಕಾಂಕ್ರೀಟು ರಸ್ತೆ. ಅವರ ವಂಶಕ್ಕೆ ಸೇರಿದ ಮಣ್ಣೆಂದರೆ ಬಾಗಿಲಲ್ಲಿ ಪೇಂಟಿನ ಡಬ್ಬದಲ್ಲಿರುವ ದಾಸವಾಳದ ಬುಡದ್ದು ಮಾತ್ರ. ಊರಿನ ಸುಡುಗಾಡೂ ಇಲ್ಲ. ಅಪ್ಪ ರಂಗನಾಯಕ ತೀರಿಕೊಂಡಾಗ ಊರಿನ ಯಜಮಾನರು, ಹಾಲುತುಪ್ಪದ ಶಾಸ್ತ್ರ ತೊರೆದವರಿಗೆ ಇಲ್ಲಿ ಜಾಗವಿಲ್ಲ, ನಿಮ್ಮ ಏಸುವಿನ ತಾವೇ ಹೋಗಿ ಎಂದಿದ್ದರು. ಅವತ್ತು ಇದೇ ಪಾಸ್ಟರು ಹೆಣಕ್ಕೆ ಹೆಗಲು ಕೊಟ್ಟಿದ್ದರು.

“ನಗುವ ಮಾತಲ್ಲ,” ಎಂದರು ಪಾಸ್ಟರು. “ನನ್ನ ಹತ್ತಿರ ಮೊದಲೇ ಬರಬಹುದಿತ್ತು. ಸಭೆ ಸಾಕುತ್ತಿತ್ತು ಆ ಮಗುವನ್ನು.”

“ಸಭೆ ಮೂರ್ ಭಾನ್ವಾರ ಸಾಕದು ಅಯ್ಯನೋರೇ. ಕೂಸು ದಿನಾ ಉಣ್ತದ.”

ಅವರು ಎದ್ದು ನಿಂತರು. ಮುಗಿಯಿತು ಎಂದು ಅರ್ಥ. “ನಾನು ಶಶಿರೇಖಾಳಿಗಾಗಿ ರಾತ್ರಿಯೆಲ್ಲ ಪ್ರಾರ್ಥಿಸುವೆ. ಆದರೆ ಅದು ಆಗುವುದಿಲ್ಲ.”

ವನಿತಾಳೂ ಎದ್ದಳು. ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತಾಂಬೂಲದ ಚೀಲವನ್ನು ಯಾರೂ ಹಾಗೆ ಎತ್ತಿಕೊಳ್ಳುವುದಿಲ್ಲ. ಗೇಟಿನ ತನಕ ಬಂದು ತಿರುಗಿ ನೋಡಿದಳು. ಪಾಸ್ಟರು ಜಗುಲಿಯಲ್ಲೇ ನಿಂತು ತೋಳಿನ ಹತ್ತಿಯನ್ನು ಮೆಲ್ಲಗೆ ಬಿಡಿಸುತ್ತಿದ್ದರು.

ಸಭೆಯ ಸಮಾಧಿ ನೆಲ ಅಲ್ಲಿಂದ ಕೂಗಳತೆ. ಹಿಂದೆ ಯಾರೋ ವಿಶ್ವಾಸಿ ಬಿಟ್ಟುಕೊಟ್ಟ ಹೊಲದ ತುಣುಕು. ಸುತ್ತ ಕತ್ತಾಳೆ ಬೇಲಿ, ಮೂಲೆಯಲ್ಲಿ ಶೀಟಿನ ಗುಡಿಸಲು, ಗುಡಿಸಲಿನಲ್ಲಿ ಗುಂಡಿ ತೋಡುವ ಮೂಗಯ್ಯ. ಹೆಸರಿಗೆ ಮೂಗ, ನಿಜಕ್ಕೆ ಒಂದು ಕಿವಿ ಕಿವುಡು, ಬಾಯಿ ಮಾತ್ರ ಊರಗಲ. ಪಾಸ್ಟರ ಮಾತಿಲ್ಲದೆ ಅವನು ಹಾರೆ ಮುಟ್ಟುವುದಿಲ್ಲ. ವನಿತಾ ರಸ್ತೆಬದಿಯ ಹುಣಸೆಮರದ ಕೆಳಗೆ ನಿಂತಳು. ಟೀ ಅಂಗಡಿಯವನು ಸ್ಟೌವಿಗೆ ಗಾಳಿ ಹೊಡೆಯುತ್ತಿದ್ದ. ಹೊತ್ತು ಪಡುವಣಕ್ಕೆ ವಾಲಿತ್ತು. ಚೀಲ ಬೆಳಿಗ್ಗೆಗಿಂತ ಭಾರವಾಗಿದೆ ಎನ್ನಿಸಿತು. ಹಾಗೆ ಆಗುವುದಿಲ್ಲವೆಂದೂ ಗೊತ್ತಿತ್ತು.

ಫೋನು ತೆಗೆದಳು. ಒಂದು ಸಲ ಕೆಮ್ಮಿದಳು, ಪಾಸ್ಟರ ಕೆಮ್ಮು.

“ಸ್ತೋತ್ರಂ, ಮೂಗಯ್ಯಾ.”

“ಯಾರೂ?”

“ನಾನು ಪಾಸ್ಟರು. ಜೋರಾಗಿ ಮಾತಾಡುವ ಹಾಗಿಲ್ಲ, ರಕ್ತಂ ಕೊಟ್ಟು ಬಂದಿರುವೆ. ಕೇಳು. ರಂಗನಾಯಕನ ಪಕ್ಕದಲ್ಲಿ ಒಂದು ಗುಂಡಿ ತೆಗೆ. ಉದ್ದಂ ಒಂದು ಮೊಳ ಸಾಕು. ಆಳ ಮಾತ್ರ ನಾಯಿ ಕೆದಕದ ಹಾಗೆ ಇರಲಿ.”

“ಮೊಳ ಅಂದ್ರೆ... ಯಾರ್ದಯ್ಯಾ?”

ಇದಕ್ಕೆ ವನಿತಾ ಉತ್ತರ ಹೊಂದಿಸಿಕೊಂಡಿರಲಿಲ್ಲ. ಸ್ಟುಡಿಯೋದಲ್ಲಾದರೆ ಮುಂದೆ ಬರೆದ ಹಾಳೆ ಇರುತ್ತದೆ. ಆದರೆ ಗಂಟಲು ಒಮ್ಮೆ ಇನ್ನೊಬ್ಬರದಾದ ಮೇಲೆ ತಾನೇ ನಡೆಯುತ್ತದೆ, ಗೊತ್ತಿರುವ ದಾರಿ ಹಿಡಿದ ಎತ್ತಿನಂತೆ. ಹೋದ ತಿಂಗಳ ಪ್ರಸಂಗ ತಾನಾಗಿ ಬಂತು.

“ಹೊಟ್ಟೆಯಲ್ಲಿ ಕಡಲೆಕಾಳಿನಷ್ಟು ಇರುವಾಗಲೇ ಅದು ಜೀವಂ ಅಲ್ಲವೇ ಮೂಗಯ್ಯಾ? ಹೆಸರಿಗೆ ಮುಂಚೆ ಉಸಿರು, ಉಸಿರಿಗೆ ಮುಂಚೆ ದೇವರು. ಲೋಕಂ ಅದನ್ನು ಎಣಿಸುವುದಿಲ್ಲ. ನಾವು ಎಣಿಸುವೆವು. ಅಂಥದ್ದೊಂದು ಜೀವಂ.”

ಆ ಕಡೆ ಹಾರೆ ನೆಲಕ್ಕೆ ತಾಗಿದ ಸದ್ದು. ಮೂಗಯ್ಯ, “ಆಯ್ತಯ್ಯ,” ಎಂದ.

ಅವಳು ಬೇಲಿ ದಾಟಿ ಒಳಗೆ ಹೋಗುವಾಗ ಮೂಗಯ್ಯ ಮೊಣಕಾಲೂರಿ ಗುಂಡಿಯ ತಳವನ್ನು ಅಂಗೈಯಿಂದ ಸವರುತ್ತಿದ್ದ. ದೊಡ್ಡವರ ಗುಂಡಿಗೆ ಅವನು ಹಾಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಕೆಂಪು ಮಣ್ಣು ಪಕ್ಕದಲ್ಲಿ ಪುಟ್ಟ ಗುಡ್ಡೆಯಾಗಿತ್ತು. ಅಪ್ಪನ ಸಮಾಧಿಯ ಮೇಲಿನ ಸಿಮೆಂಟಿನ ಶಿಲುಬೆಗೆ ಯಾರೋ ಹೂವಿನ ಹೊಲದವರು ಚೆಂಡುಹೂವಿನ ಸರ ಹಾಕಿಹೋಗಿದ್ದರು.

ಮೂಗಯ್ಯ ತಲೆಯೆತ್ತಿ ಅವಳನ್ನು ನೋಡಿದ, ಚೀಲವನ್ನು ನೋಡಿದ, ಮತ್ತೆ ಅವಳನ್ನು ನೋಡಿದ.

“ರಂಗಣ್ಣನ ಮಗ್ಳಲ್ವ ನೀನು? ಅಯ್ಯನೋರು ಫೋನ್ ಮಾಡಿದ್ರು ಕಣವ್ವ. ರಕ್ತ ಕೊಟ್ಟು ಸುಸ್ತಾಗವ್ರೆ ಅಂದ್ರು, ಗಂಟ್ಲು ಮಾತ್ರ ಎಳೇ ಹೋರಿ ಇದ್ದಂಗಿತ್ತು.”

ಮೂಗಯ್ಯ ಮುಂದೆ ಕೇಳಲಿಲ್ಲ. ಹಾರೆ ಒರಗಿಸಿ, ಪಂಚೆ ಕೊಡವಿಕೊಂಡು ಗುಡಿಸಲಿನ ಕಡೆ ನಡೆದ. ನೀರು ತರಲು ಹೋದ ಎಂದುಕೊಂಡಳು. ಮರುಗಳಿಗೆಯಲ್ಲಿ ಕಿವಿ ಸೀಳುವಂತೆ ಢಣ್ ಎಂದಿತು.

ಗುಡಿಸಲಿನ ಮುಂದಿನ ಬೇವಿನ ಮರಕ್ಕೆ ರೈಲಿನ ಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಸಭೆಯಲ್ಲಿ ಯಾರು ತೀರಿಕೊಂಡರೂ ಗುಂಡಿ ಸಿದ್ಧವಾದ ಮೇಲೆ ಮೂಗಯ್ಯ ಅದನ್ನು ಬಡಿಯುತ್ತಾನೆ. ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ. ತೋಡು, ಇಡು, ಮುಚ್ಚು, ನಡಿ ಎಂದು ಹುಣಸೆಮರದ ಕೆಳಗೆ ಲೆಕ್ಕ ಹಾಕಿದವಳಿಗೆ ಕಂಬಿಯ ನೆನಪೇ ಆಗಿರಲಿಲ್ಲ.

“ಮೂಗಣ್ಣಾ! ಬ್ಯಾಡ! ಬಡೀಬ್ಯಾಡ!” ಅವಳು ಓಡಿಹೋಗಿ ಅವನ ತೋಳು ಹಿಡಿದಳು.

“ಯಾಕ?”

“ಎಲ್ರೂ ಬತ್ತರೆ!”

“ಬರ್ಲಿ ಅಂತಲೇ ಬಡೀದು,” ಎಂದ ಮೂಗಯ್ಯ. “ಕಂಬಿ ಬಡೀದೆ ನಾ ಯಾರ್ನೂ ಮಣ್ಣು ಮಾಡಿಲ್ಲ. ಕದ್ದು ಮುಚ್ಚಕ್ಕೆ ಇದೇನ್ ಕಳ್ಳಮಾಲಾ?” ಎಂದು ತೋಳು ಬಿಡಿಸಿಕೊಂಡು ಇನ್ನೊಂದು ಬಡಿದ. ಆ ಸದ್ದಿಗೆ ಕತ್ತಾಳೆ ಬೇಲಿಯ ಮೇಲಿದ್ದ ಕಾಗೆಗಳು ಎದ್ದವು.

ವನಿತಾ ಓಡಬಹುದಿತ್ತು. ಬೇಲಿಯ ಹಿಂದೆ ಜೋಳದ ಹೊಲ, ಅದರಾಚೆ ಕೆರೆಯ ದಾರಿ. ಕಾಲು ಒಂದು ಹೆಜ್ಜೆ ಇಟ್ಟಿತು ಕೂಡ. ಆಮೇಲೆ ಅವಳು ತಿರುಗಿ ಬಂದು ಗುಂಡಿಯ ತಲೆದೆಸೆಯಲ್ಲಿ ಕಾಲೂರಿ ನಿಂತಳು. ಚೀಲವನ್ನು ಎದೆಗೊತ್ತಿಕೊಂಡಳು.

ಮೊದಲು ಬಂದವರು ಪಾಸ್ಟರೇ. ಬೈಕನ್ನು ಸ್ಟ್ಯಾಂಡ್ ಹಾಕದೆ ಬೇಲಿಗೆ ಒರಗಿಸಿ, “ಯಾರು ಮೂಗಯ್ಯಾ? ಯಾರು ತೀರಿಕೊಂಡದ್ದು? ನನಗೆ ಯಾರೂ ಹೇಳಲಿಲ್ಲ!” ಎಂದು ಕೂಗುತ್ತ ಬಂದವರು, ವನಿತಾಳನ್ನು ಕಂಡು ನಿಂತುಬಿಟ್ಟರು. ಗುಂಡಿಯನ್ನು ನೋಡಿದರು. ಅದರ ಉದ್ದವನ್ನು ನೋಡಿದರು.

“ನೀವೇ ಅಲ್ವ ಅಯ್ಯಾ ಫೋನ್ ಮಾಡಿದ್ದು?” ಎಂದ ಮೂಗಯ್ಯ. “ಹೊಟ್ಟೇಲಿ ಕಡ್ಲೆಕಾಳಷ್ಟಿದ್ರೂ ಜೀವ, ಲೋಕ ಎಣ್ಸಲ್ಲ, ನಾವ್ ಎಣುಸ್ತೀವಿ, ಗುಂಡಿ ತೋಡು ಅಂದ್ರಿ.”

ಪಾಸ್ಟರು ವನಿತಾಳ ಕಡೆ ತಿರುಗಿದರು. ಹಿಂದಿನ ಬೆಂಚಿನ ಕಿಸಕ್ಕೆಂಬ ನಗು ಅವರ ಕಿವಿಗೂ ಎಂದೋ ಬಿದ್ದಿರಬೇಕು.

“ನನ್ನ ಸ್ವರಂ ಕದ್ದೆ.”

“ಹೂಂ, ಕದ್ದೆ. ಸುಳ್ಳು ಒಂದೂ ಸೇರುಸ್ಲಿಲ್ಲ. ಮಾತೆಲ್ಲ ನಿಮ್ದೇ ಅಯ್ಯನೋರೇ, ಗಂಟ್ಲು ಮಾತ್ರ ನಂದು.”

“ನಾನು ಅದನ್ನು ಹೇಳಿದ್ದು ಜೀವಂ ಉಳಿಸಲಿಕ್ಕೆ. ಕೊಂದು ತಂದದ್ದನ್ನು ಹೂಳಲಿಕ್ಕಲ್ಲ.”

“ಕೊಂದೋರು ನಾವು. ಸತ್ತಿದ್ದು ಅದು. ನಮ್ ಪಾಪಕ್ಕೆ ಅದ್ಯಾಕೆ ಬೇಲಿ ಆಚೆ ಮಲಗ್ಬೇಕು?” ವನಿತಾಳ ದನಿ ಏರಿತು, ಇದು ಯಾವ ಆಟೋದಲ್ಲೂ ಕೇಳಿರದ ದನಿ, ತುಸು ಸೀಳು, ತುಸು ಒರಟು. “ಒಂದ್ ಮಾತು ತೀರ್ಮಾನ ಮಾಡ್ಬುಡಿ ಅಯ್ಯನೋರೇ. ಅಲ್ಲಿ ಒಬ್ರು ಇದ್ರಾ, ಇರ್ಲಿಲ್ವಾ? ಯಾರೂ ಇರ್ಲಿಲ್ಲ ಅನ್ನಿ, ನಾನು ಈ ಚೀಲ ತಗಂಡೋಗಿ ಕೆರೆಗೆ ಹಾಕ್ತೀನಿ. ಆದ್ರೆ ಆಮೇಲೆ ನಮ್ಮತ್ಗೆಗೆ ಕೊಲೆ ಅಂತ ಯಾರೂ ಅನ್ಕೂಡದು. ಇಲ್ಲ, ಒಬ್ರು ಇದ್ರು ಅನ್ನಿ. ಅವಾಗ ಆ ಒಬ್ರಿಗೆ ಮಣ್ಣು ಕೊಡಿ. ಅತ್ಗೆನ ಬಯ್ಯಕ್ಕೆ ಮಾತ್ರ ಒಬ್ರು, ಜಾಗ ಕೊಡೋವಾಗ ಯಾರೂ ಇಲ್ಲ ಅಂದ್ರೆ, ಅದ್ಯಾವ ನ್ಯಾಯ?”

ಪಾಸ್ಟರು ಮೂಗಯ್ಯನ ಕಡೆ ನೋಡದೆಯೇ ಹೇಳಿದರು: “ಮುಚ್ಚು ಅದನ್ನು. ಜನ ಬರುವ ಮೊದಲು ಮುಚ್ಚು.”

“ಬರೀ ಗುಂಡಿ ಮುಚ್ಚಾಕಿಲ್ಲ ಅಯ್ಯಾ.”

“ಏನು?”

“ಬಾಯ್ಬುಟ್ಟ ಗುಂಡಿನ ಬರಿದೆ ಮುಚ್ಬಾರ್ದು. ಮುಚ್ಚುದ್ರೆ ಅದು ಇನ್ನೊಬ್ರನ್ನ ಕೇಳ್ತದ. ನಮ್ಮಪ್ಪ, ನಮ್ಮ ತಾತ ಯಾರೂ ಮುಚ್ದೋರಲ್ಲ. ನಾಳಿಕ್ಕೆ ಸಭೇಲಿ ಯಾರಾರ ಮಲಿಕ್ಕಂಡ್ರೆ ನನ್ ತಲೆ ಮ್ಯಾಲ ಬತ್ತದ.”

“ಮೂಢನಂಬಿಕೆ! ಮೂಗಯ್ಯಾ, ನೀನು ದೀಕ್ಷಾಸ್ನಾನಂ ತೆಗೆದುಕೊಂಡವನು!”

“ಸ್ನಾನ ನಂಗಾಗದ ಅಯ್ಯಾ,” ಎಂದ ಮೂಗಯ್ಯ, ಬಲು ವಿನಯದಿಂದ. “ಗುಂಡಿಗಾಗಿಲ್ಲವಲ್ಲ.”

ಬೇರೆ ದಿನವಾಗಿದ್ದರೆ ವನಿತಾ ಬಿದ್ದು ಬಿದ್ದು ನಗುತ್ತಿದ್ದಳು. ಪಾಸ್ಟರು ತಾವೇ ಸನಿಕೆ ಎತ್ತಿಕೊಂಡರು. ರಕ್ತ ಕೊಟ್ಟ ಕೈ. ಮಣ್ಣಿನ ಗುಡ್ಡೆಗೆ ಸನಿಕೆ ಊರಿದರು. ವನಿತಾ ಅಲುಗಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಸೀರೆಯ ಗಂಟನ್ನು ತೆಗೆದಳು. ಬಾಗಿ, ಎರಡೂ ಕೈ ಚಾಚಿ, ಸವರಿದ ತಳದ ಮೇಲೆ ಮಲಗಿಸಿದಳು. ಗಂಟು ಸ್ವಲ್ಪ ಸಡಿಲವಾಯಿತು. ಮೂಗಯ್ಯ ಬಗ್ಗಿ ಬಟ್ಟೆಯನ್ನು ಸರಿಮಾಡಿದ.

“ಹೆಣ್ಗೂಸು,” ಎಂದ, ಯಾರಿಗೂ ಅಲ್ಲದಂತೆ.

“ಈಗ ಹಾಕಿ ಅಯ್ಯನೋರೇ,” ಎಂದಳು ವನಿತಾ, ಗುಂಡಿಯ ಮೇಲೆ ಕೈ ಅಡ್ಡ ಹಿಡಿದುಕೊಂಡೇ. “ಮಣ್ಣಾರ ಹಾಕಿ, ಇಲ್ಲಾ ತೆಗೆದು ನನ್ ಕೈಗೆ ಕೊಡಿ. ನಿಮ್ಮ ಕೈಯಿಂದ್ಲೇ ತೆಗೀಬೇಕು. ನಾ ತೆಗಿಯಾಕಿಲ್ಲ.”

ಪಾಸ್ಟರು ಸನಿಕೆ ಹಿಡಿದು ನಿಂತೇ ಇದ್ದರು. ಅವರ ಕಣ್ಣು ಗುಂಡಿಯೊಳಗೆ ಇಳಿದದ್ದು ಮೇಲೆ ಬರಲಿಲ್ಲ. ಬಟ್ಟೆಯ ಸಂದಿಯಲ್ಲಿ ಏನು ಕಂಡಿತೋ, ಬೆರಳೋ, ಬೆರಳಿನಂಥದ್ದೋ. ತಲೆಯೆತ್ತದೆಯೇ ಹೇಳಿದರು:

“ನಾನು ಪ್ರಾರ್ಥನೆ ಹೇಳುವುದಿಲ್ಲ. ಹೇಳಲಾರೆ. ಮತ್ತು ನೀನು ಭಾನುವಾರಂ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕು. ನನ್ನ ಸ್ವರಕ್ಕೂ, ಇದಕ್ಕೂ.”

“ಕೊಡ್ತೀನಿ. ಮೈಕ್ ನಂಗೆ ಕೊಡಿ, ಸಾಕು. ಅತ್ಗೆ ಬಗ್ಗೆ ಯಾರಾರ ಒಂದ್ ಮಾತಾಡುದ್ರೆ ಅವ್ರವ್ರ ದನಿಲೇ ಅವ್ರವ್ರ ಬಂಡವಾಳ ಹೇಳ್ತೀನಿ. ಎಲ್ರ ಗಂಟ್ಲೂ ನನ್ತಾವು ಅವೆ.”

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಮಾತುಗಳು ಕೇಳಿಸಿದವು. ಕಂಬಿಯ ಸದ್ದಿಗೆ ಜನ ಬರುತ್ತಿದ್ದರು: ಹೂವಿನ ಹೊಲದಿಂದ ಹೆಂಗಸರು, ಬೆರಳುಗಳೆಲ್ಲ ಹಳದಿ, ಗ್ಯಾರೇಜಿನ ಇಬ್ಬರು, ಮೈಯೆಲ್ಲ ಆಯಿಲು, ತಲೆಗೆ ಟವೆಲು ಸುತ್ತಿದ ಮುದುಕರು. ಎಲ್ಲರಿಗಿಂತ ಮುಂದೆ ಗುಲಾಬಿ ಸೀರೆಯ ಮಲ್ಲಿಗಮ್ಮ, ಬಗಲಲ್ಲಿ ಆಶಾ ಕಾರ್ಯಕರ್ತೆಯ ಬ್ಯಾಗು. ಬೇಲಿಯ ಬಾಯಲ್ಲಿ ಚಪ್ಪಲಿ ಬಿಟ್ಟು ಏದುಸಿರು ಬಿಡುತ್ತ ಬಂದಳು.

“ಯಾರ್ ಓದೋರು ಅಯ್ಯನೋರೇ? ಕೆಂಚಮ್ಮಜ್ಜಿನಾ? ಬೆಳಿಗ್ಗೆ ನೋಡ್ಕಂಡ್ ಬಂದಿದ್ನಲ್ಲ, ಗಂಜಿ ಕುಡೀತಾ ಇತ್ತು.”

ಮೂಗಯ್ಯ ಆಕಾಶ ನೋಡಿದ. ವನಿತಾ ಎದ್ದುನಿಂತು ಗಲ್ಲ ಎತ್ತಿದಳು. ಅವಳು ಹೇಳುವವಳಿದ್ದಳು, ಎಲ್ಲವನ್ನೂ, ಶಿವರಾಮುವಿನ ಸಂದಿಯಿಂದ ಶುರುಮಾಡಿ; ಮಾತು ತುಟಿಯವರೆಗೆ ಬಂದಿತ್ತು.

“ರಂಗನಾಯಕನ ಮೊಮ್ಮಗಳು,” ಎಂದರು ಪಾಸ್ಟರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಶಿರೇಖಾಳ ಇಬ್ಬರು ಮಕ್ಕಳೂ ಗಂಡೆಂದು ಎಲ್ಲರಿಗೂ ಗೊತ್ತು. ಮಲ್ಲಿಗಮ್ಮ ಮುಂದೆ ಬಂದು ಗುಂಡಿಯೊಳಗೆ ಇಣುಕಿದಳು. ತಾನು ಓಡಾಡುವ ಬೀದಿಗಳಲ್ಲಿ ಯಾವ ಹೆಂಗಸಿಗೆ ಎಷ್ಟು ತಿಂಗಳು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವಳು.

“ಶಶಿ ಬಸ್ರಿ ಅಂತ ನಂಗ್ಯಾರೂ...” ಎಂದು ಶುರುಮಾಡಿ, ವನಿತಾಳ ಕಣ್ಣು ನೋಡಿ, ಅಲ್ಲಿಗೇ ನಿಲ್ಲಿಸಿದಳು. ಬಗಲಿನ ಬ್ಯಾಗನ್ನು ಇಳಿಸಿ ಕೆಳಗಿಟ್ಟಳು. “ಶಶಿ ಎಂಗವ್ಳೆ?”

“ಉಳ್ಕಂಡವ್ಳೆ,” ಎಂದಳು ವನಿತಾ. “ಅಯ್ಯನೋರ್ ರಕ್ತ.”

ಅವತ್ತು ಹಾಡು ಎತ್ತಿಕೊಡಲು ಯಾರೂ ಮಲ್ಲಿಗಮ್ಮನಿಗೆ ಹೇಳಲಿಲ್ಲ, ಅವಳೂ ಎತ್ತಲಿಲ್ಲ. ಪಾಸ್ಟರು ಸನಿಕೆಯನ್ನು ನೆಲಕ್ಕೆ ಮಲಗಿಸಿ, ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ತುಟಿ ಅಲುಗಲಿಲ್ಲ. ಮಣ್ಣನ್ನು ಎಸೆಯದೆ, ಕೈಯನ್ನು ಗುಂಡಿಯೊಳಕ್ಕೆ ಇಳಿಸಿ ಅಲ್ಲಿ ಬಿಟ್ಟರು. ಆಮೇಲೆ ವನಿತಾ. ಆಮೇಲೆ ಮಲ್ಲಿಗಮ್ಮ. ಸಭೆಯ ರೂಢಿಯಂತೆ ಉಳಿದವರೂ ಬಗ್ಗಿ ಗುಡ್ಡೆಯಿಂದ ಒಂದೊಂದು ಹಿಡಿ ತುಂಬಿಕೊಂಡು ಸಾಲು ನಿಂತರು.

ಗುಂಡಿ ಚಿಕ್ಕದು, ಮೂಗಯ್ಯನೂ ಸರದಿಯ ನಡುನಡುವೆ ಸನಿಕೆಯಿಂದ ಮಣ್ಣು ಎಳೆಯುತ್ತಿದ್ದ. ಗ್ಯಾರೇಜಿನವರ ಸರದಿ ಬರುವ ಹೊತ್ತಿಗೆ ಅದು ನೆಲಕ್ಕೆ ಸಮನಾಗಿತ್ತು. ಮೂಗಯ್ಯ ಅಂಗೈಯಿಂದ ಮೇಲೆ ತಟ್ಟಿ, ಸಾಕು ಎಂಬಂತೆ ತಲೆಯಾಡಿಸಿದ. ಅವರ ಹಿಂದೆ ಇನ್ನೂ ಜನವಿದ್ದರು. ಅವರು ಹೋಗಲೂ ಇಲ್ಲ, ಕೈ ಕೊಡವಲೂ ಇಲ್ಲ. ಮಣ್ಣು ತುಂಬಿದ ಮುಷ್ಟಿಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ, ನಿಂತೇ ಇದ್ದರು.